ನಿಲ್ಲದ ಸೀಟಿ: ಕೀಟನಾಶಕ ನಮ್ಮ ನರಗಳ ಮಾತನ್ನು ಕೆಡಿಸುವುದು ಹೇಗೆ?

2018ರ ಡಿಸೆಂಬರ್ 14. ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ಸುಳ್ವಾಡಿಯಲ್ಲಿ ಮಾರಮ್ಮನ ಗುಡಿಯ ಪ್ರಸಾದ ತಿಂದ ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. 17 ಮಂದಿ ಸತ್ತರು. ಪ್ರಸಾದದಲ್ಲಿ ಸಿಕ್ಕಿದ್ದು ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ. ಅದಕ್ಕೂ ಐದು ವರ್ಷ ಮೊದಲು, 2013ರ ಜುಲೈ 16ರಂದು, ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತಿದ್ದರು. ಅಲ್ಲಿಯ ಅಡುಗೆ ಎಣ್ಣೆಯಲ್ಲಿ ಸಿಕ್ಕಿದ್ದೂ ಇದೇ ಮೊನೊಕ್ರೊಟೊಫಾಸ್.

ಎರಡೂ ಸಲ ನಾವು ಮಾತಾಡಿದ್ದು ಯಾರು ಬೆರೆಸಿದರು, ಯಾರು ಎಚ್ಚರ ತಪ್ಪಿದರು ಎಂಬುದರ ಬಗ್ಗೆ. ಅದು ಪೊಲೀಸರು ಮತ್ತು ನ್ಯಾಯಾಲಯ ಉತ್ತರಿಸಬೇಕಾದ ಪ್ರಶ್ನೆ. ಆದರೆ ನಾವು ಅಷ್ಟಾಗಿ ಕೇಳದ ಇನ್ನೊಂದು ಪ್ರಶ್ನೆ ಇದೆ. ಹತ್ತಿ ಗಿಡದ ಹುಳ ಸಾಯಿಸೋಕೆ ಅಂತ ಮಾಡಿದ ದ್ರಾವಣ ಮನುಷ್ಯರ ಉಸಿರನ್ನು ಯಾಕೆ ನಿಲ್ಲಿಸುತ್ತೆ? "ವಿಷ ಅಲ್ವಾ, ಅದಕ್ಕೆ" ಅನ್ನೋದು ಉತ್ತರ ಅಲ್ಲ. ವಿಷಕ್ಕೂ ಒಂದು ಕೆಲಸದ ಕ್ರಮ ಇರುತ್ತೆ. ಅದು ದೇಹದಲ್ಲಿ ನಿರ್ದಿಷ್ಟ ಜಾಗಕ್ಕೆ ಹೋಗಿ ನಿರ್ದಿಷ್ಟ ಕೆಲಸ ಕೆಡಿಸುತ್ತೆ.

ಆ ಜಾಗ ಯಾವುದು, ಆ ಕೆಲಸ ಯಾವುದು ಅಂತ ಗೊತ್ತಾದರೆ ಬೇರೆ ಕೆಲವು ಪ್ರಶ್ನೆಗಳೂ ತಾವಾಗಿ ಎದ್ದು ನಿಲ್ಲುತ್ತವೆ. ಪಂಪ್ ಹೊತ್ತು ಔಷಧಿ ಹೊಡೆಯುವ ಕೂಲಿಕಾರರ ರಕ್ತವನ್ನು ಯಾರು ಪರೀಕ್ಷಿಸಬೇಕು? ತಾಲ್ಲೂಕು ಆಸ್ಪತ್ರೆಯಲ್ಲಿ ಏನೇನು ಇರಬೇಕು? ಯಾವ ಡಬ್ಬಿ ಅಂಗಡಿಯಲ್ಲಿ ಇರಲೇಬಾರದು?

ಕಂಡಕ್ಟರ್ ಸೀಟಿಯ ಲೆಕ್ಕ

ನಮ್ಮ ದೇಹ ಅಂದ್ರೆ ಲಕ್ಷಾಂತರ ಕೋಟಿ ಜೀವಕೋಶಗಳ ಊರು. ಒಂದರ ಜತೆ ಇನ್ನೊಂದು ಮಾತಾಡದೆ ಇಲ್ಲಿ ಯಾವ ಕೆಲಸವೂ ನಡೆಯಲ್ಲ. ನೀವು ಈಗ ಈ ಸಾಲು ಓದೋಕೆ ಕಣ್ಣು ಹೊರಳಿಸುತ್ತಿದ್ದೀರಿ. ನರಕೋಶವೊಂದು ಸ್ನಾಯುವಿಗೆ "ಎಳೆ" ಅಂತ ಹೇಳಿದ್ದಕ್ಕೆ ಅದು ಆಗುತ್ತಿದೆ.

ನರದ ಉದ್ದಕ್ಕೂ ಈ ಸಂದೇಶ ಕರೆಂಟಿನ ರೂಪದಲ್ಲಿ ಓಡುತ್ತದೆ. ಆದರೆ ನರದ ತುದಿಗೂ ಸ್ನಾಯುವಿಗೂ ನಡುವೆ ಒಂದು ಸಣ್ಣ ಕಂದಕ ಇದೆ. ಕೂದಲೆಳೆಯ ದಪ್ಪದಲ್ಲಿ ಸಾವಿರಕ್ಕೆ ಒಂದು ಪಾಲಿನಷ್ಟೂ ಇಲ್ಲ ಅದು. ಇದನ್ನು ಕರೆಂಟು ದಾಟಲಾರದು. ಹಾಗಾಗಿ ನರದ ತುದಿ ಒಂದು ರಾಸಾಯನಿಕವನ್ನು ಆ ಕಂದಕಕ್ಕೆ ಸುರಿಯುತ್ತದೆ. ಅದರ ಹೆಸರು ಅಸಿಟೈಲ್‌ಕೋಲಿನ್. ಆಚೆ ದಡದಲ್ಲಿ ಇದಕ್ಕೆಂದೇ ಮಾಡಿದ ಬೀಗಗಳಿವೆ, ಅವನ್ನು ರಿಸೆಪ್ಟರ್ ಅಂತಾರೆ. ಅಸಿಟೈಲ್‌ಕೋಲಿನ್ ಎಂಬ ಕೀಲಿ ಆ ಬೀಗಕ್ಕೆ ಬಿದ್ದ ಕೂಡಲೇ ಸ್ನಾಯು ಸಂಕುಚಿಸುತ್ತದೆ.

ಇಲ್ಲಿವರೆಗಿನದು ಪಿಯುಸಿ ಪುಸ್ತಕದಲ್ಲಿ ಇರುವ ಕಥೆ. ಅಲ್ಲಿ ಬೇಗ ಮುಗಿದುಹೋಗುವ, ಆದರೆ ನಮಗೆ ತುಂಬಾ ಮುಖ್ಯವಾದ ಭಾಗ ಮುಂದಿನದು: ಸಂದೇಶ ನಿಲ್ಲುವುದು ಹೇಗೆ?

ಬಸ್ಸಿನಲ್ಲಿ ಕಂಡಕ್ಟರ್ ಸೀಟಿ ಹೊಡೆಯೋದನ್ನ ನೆನಪಿಸಿಕೊಳ್ಳಿ. ಒಂದು ಸೀಟಿ ಅಂದ್ರೆ ನಿಲ್ಲಿಸು, ಎರಡು ಸೀಟಿ ಅಂದ್ರೆ ಹೊರಡು. ಡ್ರೈವರ್‌ಗೆ ಇದು ಅರ್ಥ ಆಗೋದು ಸೀಟಿಯ ಸದ್ದಿನಿಂದ ಮಾತ್ರ ಅಲ್ಲ, ಸೀಟಿಗಳ ನಡುವಿನ ಮೌನದಿಂದ. ಕಂಡಕ್ಟರ್ ಬಾಯಿಂದ ಸೀಟಿ ತೆಗೆಯದೆ ಊದುತ್ತಲೇ ಇದ್ದರೆ ಡ್ರೈವರ್ ಏನು ಮಾಡಬೇಕು? ಮೊದಲು ಗಲಿಬಿಲಿಗೊಳ್ಳುತ್ತಾನೆ, ಕೊನೆಗೆ ಕೇಳಿಸಿಕೊಳ್ಳೋದನ್ನೇ ಬಿಡುತ್ತಾನೆ.

ನಮ್ಮ ದೇಹದಲ್ಲಿ ಆ ಮೌನವನ್ನು ತರುವುದು ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ. ಹೆಸರು ಉದ್ದವಾಯ್ತು, ಕೋಲಿನೆಸ್ಟರೇಸ್ ಅನ್ನೋಣ. ಇದು ಕಂದಕದಲ್ಲೇ ಕೂತಿರುತ್ತದೆ. ಅಸಿಟೈಲ್‌ಕೋಲಿನ್ ತನ್ನ ಸಂದೇಶ ಮುಟ್ಟಿಸುತ್ತಿದ್ದ ಹಾಗೇ ಅದನ್ನು ಹಿಡಿದು ಎರಡು ತುಂಡು ಮಾಡುತ್ತದೆ. ಈ ಕಿಣ್ವದ ಒಂದೇ ಒಂದು ಅಣು ಸೆಕೆಂಡಿಗೆ ಸಾವಿರಾರು ಅಸಿಟೈಲ್‌ಕೋಲಿನ್ ಅಣುಗಳನ್ನು ಒಡೆಯಬಲ್ಲದು. ಜೀವಲೋಕದ ಅತಿ ವೇಗದ ಕಿಣ್ವಗಳ ಸಾಲಿನಲ್ಲಿ ಇದಕ್ಕೆ ಜಾಗ ಇದೆ. ಇದು ಕೆಲಸ ಮಾಡುವುದರಿಂದಲೇ ಒಂದು ಸೀಟಿ ಮುಗಿದು ಇನ್ನೊಂದು ಶುರುವಾಗಲು ಸಾಧ್ಯ.

ಮೊನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್, ಡೈಮೆಥೊಯೇಟ್ ಮುಂತಾದ ಆರ್ಗನೊಫಾಸ್ಫೇಟ್ ಕೀಟನಾಶಕಗಳು ಹೋಗಿ ಕೂರುವುದು ಈ ಕಿಣ್ವದ ಬಾಯಿಯಲ್ಲಿ. ಹುಳದ ನರಮಂಡಲದಲ್ಲೂ ಅಸಿಟೈಲ್‌ಕೋಲಿನ್ ಇದೆ, ಅದನ್ನು ಒಡೆಯುವ ಕಿಣ್ವವೂ ಇದೆ. ನಮ್ಮಲ್ಲೂ ಇದೆ. ಹಕ್ಕಿಯಲ್ಲಿ, ಮೀನಿನಲ್ಲಿ, ಹಸುವಿನಲ್ಲೂ ಇದೆ. ಹುಳಕ್ಕೂ ಮನುಷ್ಯನಿಗೂ ಇರುವ ವ್ಯತ್ಯಾಸ ಈ ರಾಸಾಯನಿಕಕ್ಕೆ ಬಹುಮಟ್ಟಿಗೆ ಪ್ರಮಾಣದ ವ್ಯತ್ಯಾಸ ಅಷ್ಟೇ.

1936ರ ಡಿಸೆಂಬರ್

ನರಗಳು ರಾಸಾಯನಿಕದ ಮೂಲಕ ಮಾತಾಡುತ್ತವೆ ಎಂದು ತೋರಿಸಿದ್ದು ಆಸ್ಟ್ರಿಯಾದ ಗ್ರಾಜ್ ನಗರದಲ್ಲಿದ್ದ ವಿಜ್ಞಾನಿ ಒಟ್ಟೋ ಲೋವಿ. 1921ರಲ್ಲಿ ಪ್ರಕಟವಾದ ಅವರ ಪ್ರಯೋಗ ತುಂಬಾ ಸರಳ. ಎರಡು ಕಪ್ಪೆಗಳ ಹೃದಯ ತೆಗೆದುಕೊಂಡರು. ಮೊದಲನೆಯದರ ನರವನ್ನು ಪ್ರಚೋದಿಸಿದಾಗ ಅದರ ಬಡಿತ ನಿಧಾನವಾಯಿತು. ಆ ಹೃದಯ ಇದ್ದ ದ್ರವವನ್ನು ಎರಡನೆಯ ಹೃದಯಕ್ಕೆ ಹಾಕಿದರು. ಅದರ ನರವನ್ನು ಯಾರೂ ಮುಟ್ಟಿರಲಿಲ್ಲ, ಆದರೂ ಅದರ ಬಡಿತವೂ ನಿಧಾನವಾಯಿತು. ಸಂದೇಶ ಆ ದ್ರವದಲ್ಲಿತ್ತು. ಅದು ಅಸಿಟೈಲ್‌ಕೋಲಿನ್ ಎಂದು ಆಮೇಲೆ ಖಚಿತವಾಯಿತು. 1936ರ ಡಿಸೆಂಬರ್‌ನಲ್ಲಿ ಲೋವಿ ಮತ್ತು ಬ್ರಿಟನ್ನಿನ ಹೆನ್ರಿ ಡೇಲ್ ನೊಬೆಲ್ ಪಡೆದರು.

ಅದೇ 1936ರ ಡಿಸೆಂಬರ್‌ನಲ್ಲಿ ಜರ್ಮನಿಯ ಐ.ಜಿ. ಫಾರ್ಬೆನ್ ಕಂಪನಿಯಲ್ಲಿ ಗೆರ್ಹಾರ್ಡ್ ಶ್ರಾಡರ್ ಎಂಬ ರಸಾಯನಶಾಸ್ತ್ರಜ್ಞ ಹೊಸ ಕೀಟನಾಶಕ ಹುಡುಕುತ್ತಾ ಟಾಬುನ್ ಎಂಬ ಆರ್ಗನೊಫಾಸ್ಫೇಟನ್ನು ತಯಾರಿಸಿದ. ಹುಳಗಳಿಗೆ ಮಾತ್ರವಲ್ಲ, ಮನುಷ್ಯರಿಗೂ ಅದು ಭಯಂಕರ ಎಂದು ಬೇಗ ಗೊತ್ತಾಯಿತು. ನಾಜಿ ಸೇನೆಗೆ ಆಸಕ್ತಿ ಹುಟ್ಟಿತು. ಎರಡು ವರ್ಷದೊಳಗೆ ಸರಿನ್ ಬಂತು. 1938ರಲ್ಲಿ ನಾಜಿಗಳು ಆಸ್ಟ್ರಿಯಾವನ್ನು ನುಂಗಿದಾಗ ಯಹೂದಿಯಾಗಿದ್ದ ಲೋವಿಯನ್ನು ಜೈಲಿಗೆ ಹಾಕಿದರು. ತಮ್ಮ ನೊಬೆಲ್ ಹಣವನ್ನು ನಾಜಿ ಹಿಡಿತದ ಬ್ಯಾಂಕಿಗೆ ವರ್ಗಾಯಿಸಿದ ಮೇಲಷ್ಟೇ ಅವರಿಗೆ ದೇಶ ಬಿಡಲು ಸಾಧ್ಯವಾಯಿತು.

ಸರಿನ್ 1995ರಲ್ಲಿ ಟೋಕಿಯೊ ಮೆಟ್ರೊದಲ್ಲಿ ಜನರನ್ನು ಕೊಂದಿತು. ಅದು ಹಿಡಿಯುವುದು ಇದೇ ಕೋಲಿನೆಸ್ಟರೇಸನ್ನು. ಹಾಗಂತ ಅಂಗಡಿಯ ಕೀಟನಾಶಕವೂ ಸರಿನ್ನೂ ಒಂದೇ ಅಂತ ಹೇಳಿದರೆ ಸುಳ್ಳಾಗುತ್ತೆ. ಶಕ್ತಿಯಲ್ಲಿ ಅಜಗಜಾಂತರ ಇದೆ. ಆದರೆ ವಂಶ ಒಂದೇ, ದಾಳಿ ಮಾಡುವ ಜಾಗವೂ ಒಂದೇ. ಯುದ್ಧದಲ್ಲಿ ಬಳಸಕೂಡದು ಅಂತ ಜಗತ್ತೇ ಒಪ್ಪಂದ ಮಾಡಿಕೊಂಡ ವಸ್ತುವಿನ ದಾಯಾದಿಗಳು ನಮ್ಮ ಹಳ್ಳಿಗಳಲ್ಲಿ ಯೂರಿಯಾ ಮೂಟೆಯ ಪಕ್ಕದ ಕಪಾಟಿನಲ್ಲಿ ಕೂತಿವೆ.

ಸೀಟಿ ನಿಲ್ಲದಿದ್ದರೆ

ಕಿಣ್ವ ಕೈಕಟ್ಟಿ ಕೂತಾಗ ಅಸಿಟೈಲ್‌ಕೋಲಿನ್ ಕಂದಕದಲ್ಲಿ ತುಂಬಿಕೊಳ್ಳುತ್ತದೆ. ಇದು ಸ್ನಾಯುವಿಗೆ ಮಾತ್ರ ಹೋಗುವ ಸಂದೇಶ ಅಲ್ಲ. ಬೆವರು, ಕಣ್ಣೀರು, ಜೊಲ್ಲು, ಕರುಳು, ಶ್ವಾಸನಾಳ, ಹೃದಯ, ಮಿದುಳು ಎಲ್ಲದಕ್ಕೂ ಈ ರಾಸಾಯನಿಕ ಸಂಬಂಧಪಟ್ಟಿದೆ. ಹಾಗಾಗಿ ಎಲ್ಲ ಕಡೆಯೂ ಒಟ್ಟಿಗೇ "ಮಾಡು, ಮಾಡು, ಮಾಡು" ಎಂಬ ಆಜ್ಞೆ ಹೋಗುತ್ತದೆ.

ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣದಾಗುತ್ತದೆ. ಬಾಯಲ್ಲಿ ಜೊಲ್ಲು, ನೊರೆ. ಮೈಯೆಲ್ಲ ಬೆವರು. ವಾಂತಿ, ಭೇದಿ. ಹೃದಯದ ಬಡಿತ ನಿಧಾನವಾಗುತ್ತದೆ. ಶ್ವಾಸನಾಳದಲ್ಲಿ ದ್ರವ ಉಕ್ಕಿ, ನೀರಿಗೆ ಬೀಳದೆಯೇ ಮುಳುಗಿದವರ ಸ್ಥಿತಿ ಬರುತ್ತದೆ. ಸ್ನಾಯುಗಳು ಚರ್ಮದಡಿಯಲ್ಲಿ ಪಟಪಟ ಅದುರುತ್ತವೆ. ಸ್ವಲ್ಪ ಹೊತ್ತಿನ ಮೇಲೆ, ಎಡೆಬಿಡದ ಸೀಟಿ ಕೇಳಿ ಕೇಳಿ ಸೋತ ಡ್ರೈವರ್ ಥರ, ಸ್ನಾಯುಗಳು ಪ್ರತಿಕ್ರಿಯಿಸುವುದನ್ನೇ ನಿಲ್ಲಿಸುತ್ತವೆ. ಉಸಿರಾಟವೂ ಸ್ನಾಯುಗಳ ಕೆಲಸವೇ. ಜನ ಸಾಯುವುದು ಹೆಚ್ಚಾಗಿ ಇಲ್ಲಿ.

ಕಾಯಿಲೆಯೂ ಇದೇ ಜಾಗಕ್ಕೆ ಬರುತ್ತೆ, ಮದ್ದೂ ಕೂಡ

ಇದೇ ಕಂದಕದಲ್ಲಿ ತದ್ವಿರುದ್ಧ ತೊಂದರೆಯೂ ಆಗಬಹುದು. ಸೀಟಿ ಸರಿಯಾಗಿ ಊದಲಾಗುತ್ತಿದೆ, ಆದರೆ ಡ್ರೈವರ್ ಕಿವಿ ಮಂದ. ಮೈಸ್ತೇನಿಯಾ ಗ್ರಾವಿಸ್ ಎಂಬ ಕಾಯಿಲೆಯಲ್ಲಿ ಆಗೋದು ಇದು. ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ, ಸ್ನಾಯುವಿನ ಮೇಲಿರುವ ಅಸಿಟೈಲ್‌ಕೋಲಿನ್ ಬೀಗಗಳ ಮೇಲೆ ದಾಳಿ ಮಾಡುತ್ತದೆ. ಬೀಗಗಳು ಕಡಿಮೆಯಾದಂತೆ ಸಂದೇಶ ತಲುಪುವುದಿಲ್ಲ. ರೆಪ್ಪೆ ಜೋತುಬೀಳುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ಬೆಳಿಗ್ಗೆ ಸರಿಯಿದ್ದ ಮಾತು ಸಂಜೆಯ ಹೊತ್ತಿಗೆ ತೊದಲುತ್ತದೆ.

1934ರಲ್ಲಿ ಲಂಡನ್ನಿನ ಗ್ರೀನಿಚ್‌ನ ಆಸ್ಪತ್ರೆಯೊಂದರಲ್ಲಿದ್ದ ಮೇರಿ ವಾಕರ್ ಎಂಬ ವೈದ್ಯೆ ಇದಕ್ಕೆ ಫೈಸೊಸ್ಟಿಗ್ಮಿನ್ ಎಂಬ ವಸ್ತು ಕೊಟ್ಟು ನೋಡಿದರು. ಅದು ಪಶ್ಚಿಮ ಆಫ್ರಿಕಾದ ಕಲಬಾರ್ ಎಂಬ ಕಾಳಿನ ವಿಷ. ಅಲ್ಲಿ ಅಪರಾಧಿ ಯಾರೆಂದು ತೀರ್ಮಾನಿಸಲು ಆರೋಪಿಗಳಿಗೆ ಆ ಕಾಳು ತಿನ್ನಿಸುವ ಪದ್ಧತಿ ಇತ್ತು. ಆ ವಿಷ ಹಿಡಿಯುವುದು ಯಾವುದನ್ನು? ಇದೇ ಕೋಲಿನೆಸ್ಟರೇಸನ್ನು. ಆದರೆ ಕೆಲವು ಗಂಟೆಗಳಲ್ಲಿ ಬಿಟ್ಟುಬಿಡುತ್ತದೆ. ಸಂದೇಶವನ್ನು ಒಡೆಯುವ ಕಿಣ್ವ ಸ್ವಲ್ಪ ಹೊತ್ತು ಸುಮ್ಮನಿದ್ದರೆ, ಇರುವ ಅಸಿಟೈಲ್‌ಕೋಲಿನ್ ಕಂದಕದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಉಳಿದಿರುವ ಕೆಲವೇ ಬೀಗಗಳಿಗೆ ಮತ್ತೆ ಮತ್ತೆ ಬೀಳುತ್ತದೆ. ರೋಗಿ ರೆಪ್ಪೆ ಎತ್ತಿದರು. ಇಂದು ಈ ಕಾಯಿಲೆಗೆ ಕೊಡುವ ಪಿರಿಡೊಸ್ಟಿಗ್ಮಿನ್ ಮಾತ್ರೆ ಅದೇ ದಾರಿಯದು. ಮರೆವಿನ ಕಾಯಿಲೆ ಆಲ್ಝೈಮರ್‌ಗೆ ಕೊಡುವ ಡೊನೆಪೆಜಿಲ್ ಕೂಡ ಮಿದುಳಿನಲ್ಲಿ ಇದೇ ಕಿಣ್ವವನ್ನು ತಡೆಯುತ್ತದೆ.

ಇನ್ನು ಹಾವು. ನಾಗರಹಾವಿನ ವಿಷದಲ್ಲಿರುವ ಕೆಲವು ಅಂಶಗಳು ಸ್ನಾಯುವಿನ ಬೀಗಕ್ಕೆ ಅಡ್ಡ ಕೂರುತ್ತವೆ. ಕಟ್ಟುಹಾವಿನ ವಿಷ ನರದ ತುದಿಯನ್ನೇ ಹಾಳು ಮಾಡಿ ಸಂದೇಶ ಹೊರಡದಂತೆ ಮಾಡುತ್ತದೆ. ಒಂದೇ ಕಂದಕ: ಆಚೆ ದಡಕ್ಕೆ ನಾಗರಹಾವು, ಈಚೆ ದಡಕ್ಕೆ ಕಟ್ಟುಹಾವು, ನಡುವಿನ ಕಿಣ್ವಕ್ಕೆ ಕೀಟನಾಶಕ.

ಕೀಟನಾಶಕವೂ ಮೈಸ್ತೇನಿಯಾದ ಮಾತ್ರೆಯೂ ಒತ್ತುವುದು ಒಂದೇ ಗುಂಡಿಯನ್ನು. ವ್ಯತ್ಯಾಸ ಮೂರು ವಿಷಯಗಳಲ್ಲಿದೆ. ಎಷ್ಟು ಹೊತ್ತು ಹಿಡಿದಿರುತ್ತೆ, ಎಷ್ಟು ಪ್ರಮಾಣ, ಯಾರ ನಿಗಾದಲ್ಲಿ. ಮಾತ್ರೆಯ ಪ್ರಮಾಣ ಮಿತಿಮೀರಿದರೆ ಮೈಸ್ತೇನಿಯಾ ರೋಗಿಗೂ ಜೊಲ್ಲು, ಬೆವರು, ಉಸಿರಾಟದ ತೊಂದರೆ ಬರುತ್ತದೆ. ಅದಕ್ಕೇ ನರರೋಗ ತಜ್ಞರು ಅದನ್ನು ಅಳೆದು, ನೋಡಿ, ಹೊಂದಿಸಿ ಕೊಡುತ್ತಾರೆ. ಆಸ್ಪತ್ರೆಯಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ಕೊಡುವ ಪರಿಣಾಮವನ್ನು ಹೊಲದಲ್ಲಿ ಸೋರುವ ಪಂಪ್ ಕೊಡುತ್ತದೆ, ಅಲ್ಲಿ ಅಳೆಯುವವರು ಯಾರೂ ಇರಲ್ಲ.

ಹೊಲದಲ್ಲಿ ಡೋಸ್ ನಿರ್ಧರಿಸುವವರು ಯಾರು?

ಈ ರಾಸಾಯನಿಕಗಳು ಬಾಯಿಂದ ಮಾತ್ರ ಒಳಗೆ ಹೋಗುವುದಿಲ್ಲ. ಚರ್ಮದ ಮೂಲಕ, ಉಸಿರಿನ ಮೂಲಕವೂ ಹೋಗುತ್ತವೆ. ಎದೆಮಟ್ಟ ಬೆಳೆದ ಹತ್ತಿ ಹೊಲದಲ್ಲಿ ಬೆನ್ನಿಗೆ ಪಂಪ್ ಕಟ್ಟಿಕೊಂಡು ನಡೆದವರ ಅಂಗಿ ಮಧ್ಯಾಹ್ನದ ಹೊತ್ತಿಗೆ ಔಷಧಿ ಕುಡಿದು ಒದ್ದೆಯಾಗಿರುತ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ್‌ನಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಿದ್ದ ನೂರಾರು ರೈತರು, ಕೂಲಿಗಳು ಆಸ್ಪತ್ರೆ ಸೇರಿದರು, 20ಕ್ಕೂ ಹೆಚ್ಚು ಮಂದಿ ಸತ್ತರು. ಅವರಾರೂ ವಿಷ ಕುಡಿದವರಲ್ಲ, ಕೆಲಸಕ್ಕೆ ಹೋದವರು.

ಇಂಥ ದುರಂತ ಆದಾಗೆಲ್ಲ ಬರುವ ಮಾತು: "ಗ್ಲೌಸ್ ಹಾಕ್ಕೊಬೇಕಿತ್ತು, ಮಾಸ್ಕ್ ಹಾಕ್ಕೊಬೇಕಿತ್ತು." ಹೌದು, ಹಾಕ್ಕೊಬೇಕು. ಆದರೆ ರಾಯಚೂರು, ಯಾದಗಿರಿಯ ಬಿಸಿಲಲ್ಲಿ ರಬ್ಬರ್ ಕೋಟು ಹಾಕಿಕೊಂಡು ದಿನವಿಡೀ ನಡೆಯೋದು ಎಷ್ಟು ಜನಕ್ಕೆ ಸಾಧ್ಯ? ಆ ಕೋಟು ಕೊಳ್ಳೋ ದುಡ್ಡು ಯಾರದು, ದಿನಗೂಲಿಯವನದಾ? ಸಣ್ಣ ಅಕ್ಷರದ ಲೇಬಲ್ಲಿನ ಮೇಲೆ ಎಚ್ಚರಿಕೆ ಮುದ್ರಿಸಿ ಜವಾಬ್ದಾರಿ ಮುಗೀತು ಅನ್ನುವ ವ್ಯವಸ್ಥೆಯಲ್ಲಿ ತಪ್ಪೆಲ್ಲ ಕೊನೆಗೆ ಪಂಪ್ ಹೊತ್ತವರ ತಲೆಗೇ ಬರುತ್ತದೆ.

ಮುಖ್ಯ ವಿಷಯ ಏನಂದ್ರೆ, ಈ ಹಾನಿಯನ್ನು ಅಳೆಯಬಹುದು. ಕೋಲಿನೆಸ್ಟರೇಸ್ ರಕ್ತದಲ್ಲೂ ಇದೆ. ಕೆಂಪು ರಕ್ತಕಣಗಳಲ್ಲಿ ಅದರ ಮಟ್ಟ ಎಷ್ಟು ಇಳಿದಿದೆ ಅಂತ ನೋಡಿದರೆ ನರಗಳ ಮೇಲೆ ಎಷ್ಟು ಪೆಟ್ಟು ಬಿದ್ದಿದೆ ಎಂದು ಅಂದಾಜು ಸಿಗುತ್ತದೆ. ವಿಷ ಕಚ್ಚಿಹಿಡಿದ ಕಿಣ್ವ ಮರಳಿ ಬರುವುದು ಹೊಸ ರಕ್ತಕಣ ಹುಟ್ಟಿದಂತೆಲ್ಲ, ದಿನಕ್ಕೆ ಸುಮಾರು 1%ನಷ್ಟು ಮಾತ್ರ. ಅಂದರೆ ಈ ವಾರ ಸ್ವಲ್ಪ, ಮುಂದಿನ ವಾರ ಸ್ವಲ್ಪ ಅಂತ ಮೈಗೆ ಹತ್ತಿದ್ದು ಸಾಲದ ಬಡ್ಡಿ ಥರ ಗುಡ್ಡೆಯಾಗುತ್ತದೆ. ತಲೆನೋವು, ಕಣ್ಣು ಮಂಜು, ಸುಸ್ತು ಅಂತ "ಬಿಸಿಲಿಗೆ ಹಿಂಗಾಯ್ತು" ಎಂದು ಮಲಗಿದವರಿಗೆ ಅದು ಬಿಸಿಲಲ್ಲ ಅಂತ ಹೇಳಬಲ್ಲದ್ದು ಈ ರಕ್ತಪರೀಕ್ಷೆ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಇಂಥ ಕೀಟನಾಶಕಗಳನ್ನು ನಿಯಮಿತವಾಗಿ ಬಳಸುವ ಕೆಲಸಗಾರರಿಗೆ ಈ ಪರೀಕ್ಷೆ 1974ರಿಂದ ಕಡ್ಡಾಯ. ಕೆಂಪು ರಕ್ತಕಣದ ಕೋಲಿನೆಸ್ಟರೇಸ್ ಮೊದಲಿನ ಮಟ್ಟದ 70%ಕ್ಕೆ ಇಳಿದರೆ ಮಾಲೀಕ ಆ ಕೆಲಸಗಾರನನ್ನು ಆ ಕೆಲಸದಿಂದ ದೂರ ಇಡಬೇಕು. 80%ಕ್ಕೆ ಏರುವ ತನಕ ವಾಪಸ್ ಹಾಕುವಂತಿಲ್ಲ.

ನಮ್ಮಲ್ಲಿ? ನಮ್ಮಲ್ಲೂ ಕಾನೂನು ಇದೆ. 1971ರ ಕೀಟನಾಶಕ ನಿಯಮಾವಳಿಯ 37ನೇ ನಿಯಮವು ಕೀಟನಾಶಕ ತಯಾರಿಸುವವರಿಗೂ ಸಿಂಪಡಿಸುವವರಿಗೂ ವೈದ್ಯಕೀಯ ತಪಾಸಣೆ ಆಗಬೇಕು ಎನ್ನುತ್ತದೆ. ಆರ್ಗನೊಫಾಸ್ಫೇಟ್ ಜತೆ ಕೆಲಸ ಮಾಡುವವರ ಕೋಲಿನೆಸ್ಟರೇಸ್ ಮಟ್ಟ ಅಳೆಯುವ ಮಾತೂ ಅದರಲ್ಲಿದೆ. ನಿಮ್ಮ ಊರಲ್ಲಿ ದಿನಗೂಲಿಗೆ ಔಷಧಿ ಹೊಡೆಯುವವರನ್ನು ಒಮ್ಮೆ ಕೇಳಿ ನೋಡಿ, ಈ ಪರೀಕ್ಷೆಯ ಹೆಸರು ಕೇಳಿದವರು ಎಷ್ಟು ಜನ ಅಂತ.

ಗಡಿಯಾರದ ಜತೆ ಓಟ

ವಿಷ ಒಳಗೆ ಹೋದ ಮೇಲಿನ ಚಿಕಿತ್ಸೆಯೂ ಇದೇ ಕಂದಕದ ಕಥೆ. ಮೊದಲ ಮದ್ದು ಅಟ್ರೋಪಿನ್. ನಮ್ಮ ಬೇಲಿಸಾಲಿನ ಉಮ್ಮತ್ತಿಯಲ್ಲೂ ಈ ವಸ್ತು ಇದೆ (ಹಾಗಂತ ಉಮ್ಮತ್ತಿ ಅರೆದು ಕುಡಿಸಿದರೆ ಇನ್ನೊಂದು ಜೀವ ಹೋಗುತ್ತೆ, ಖಂಡಿತ ಬೇಡ). ಇದು ಶ್ವಾಸನಾಳ, ಹೃದಯ, ಗ್ರಂಥಿಗಳ ಮೇಲಿನ ಬೀಗಗಳಿಗೆ ಅಡ್ಡ ಕೂತು ಅತಿಯಾದ ಸಂದೇಶ ತಲುಪದಂತೆ ತಡೆಯುತ್ತದೆ. ಎದೆಯೊಳಗಿನ ದ್ರವ ಒಣಗಿ ಉಸಿರು ಸರಾಗ ಆಗುವ ತನಕ ವೈದ್ಯರು ಇದನ್ನು ಮತ್ತೆ ಮತ್ತೆ ಏರಿಸುತ್ತಾ ಹೋಗಬೇಕಾಗುತ್ತದೆ. ಆದರೆ ಸ್ನಾಯುವಿನ ಬೀಗ ಬೇರೆ ಜಾತಿಯದು. ಅಲ್ಲಿ ಅಟ್ರೋಪಿನ್ ಕೆಲಸ ಮಾಡಲ್ಲ.

ಎರಡನೆಯದು ಪ್ರಾಲಿಡಾಕ್ಸಿಮ್. ಕಿಣ್ವದ ಬಾಯಿಂದ ವಿಷವನ್ನು ಕಿತ್ತು ತೆಗೆಯುವುದು ಇದರ ಕೆಲಸ. ಇದರ ಪ್ರಯೋಜನ ಎಷ್ಟು ಎಂಬ ಬಗ್ಗೆ ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ. ಕೊಡುವುದಾದರೆ ಬೇಗ ಕೊಡಬೇಕು ಅನ್ನೋದಕ್ಕೆ ರಸಾಯನಶಾಸ್ತ್ರದ ಕಾರಣ ಇದೆ. ಹೊತ್ತು ಕಳೆದಂತೆ ವಿಷ ಮತ್ತು ಕಿಣ್ವದ ನಡುವಿನ ಬೆಸುಗೆ ಗಟ್ಟಿಯಾಗಿ, ಆಮೇಲೆ ಯಾವ ಮದ್ದಿಗೂ ಜಗ್ಗುವುದಿಲ್ಲ. ಮೊನೊಕ್ರೊಟೊಫಾಸ್ ಸೇರಿದ ಗುಂಪಿನಲ್ಲಿ ಸುಮಾರು ನಾಲ್ಕು ಗಂಟೆಯೊಳಗೆ ಅರ್ಧದಷ್ಟು ಕಿಣ್ವ ಹೀಗೆ ಕೈತಪ್ಪಿ ಹೋಗುತ್ತದೆ. ಹಳ್ಳಿಯಿಂದ ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿಂದ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ "ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ" ಎಂಬ ಚೀಟಿ. ನಾಲ್ಕು ಗಂಟೆ ರಸ್ತೆಯಲ್ಲೇ ಮುಗಿಯುತ್ತದೆ. ಸುಳ್ವಾಡಿಯ ಎಷ್ಟೋ ಜನರನ್ನು ಮೈಸೂರಿನ ತನಕ ಸಾಗಿಸಬೇಕಾಯಿತು.

ಇನ್ನೂ ಒಂದು ಗಂಡಾಂತರ ಇದೆ. 1987ರಲ್ಲಿ ಶ್ರೀಲಂಕಾದ ವೈದ್ಯರು ಅದನ್ನು ವಿವರವಾಗಿ ದಾಖಲಿಸಿದರು. ರೋಗಿ ಚೇತರಿಸಿಕೊಂಡ ಹಾಗೆ ಕಾಣುತ್ತಾರೆ, ಮಾತಾಡುತ್ತಾರೆ. ಒಂದರಿಂದ ನಾಲ್ಕು ದಿನದ ಒಳಗೆ ಇದ್ದಕ್ಕಿದ್ದಂತೆ ಕತ್ತು ಎತ್ತಲಾಗದೆ, ಉಸಿರಾಟದ ಸ್ನಾಯುಗಳು ಸೋಲುತ್ತವೆ. ಆಗ ಬದುಕಿಸುವುದು ವೆಂಟಿಲೇಟರ್, ಮತ್ತು ಅದನ್ನು ನಡೆಸಲು ಗೊತ್ತಿರುವ ನರ್ಸ್, ವೈದ್ಯರು. "ಹುಷಾರಾಯ್ತಲ್ಲ, ಮನೆಗೆ ಹೋಗೋಣ" ಅಂತ ಬಿಡುಗಡೆ ಮಾಡಿಸಿಕೊಂಡು ಬಂದವರಿಗೆ ಇದು ಗೊತ್ತಿರಬೇಕು.

ಸಿಂಪಡಿಸುವಾಗ ಯಾರಾದರೂ ಅಸ್ವಸ್ಥರಾದರೆ ಮೊದಲು ಹೊಲದಿಂದ ಆಚೆ ಕರೆತನ್ನಿ. ಒದ್ದೆ ಬಟ್ಟೆ ತೆಗೆದು ಸೋಪು, ನೀರಿನಿಂದ ಮೈ ತೊಳೆಯಿರಿ, ನಿಮ್ಮ ಕೈಗೂ ಗ್ಲೌಸ್ ಇರಲಿ. ವಾಂತಿ ಮಾಡಿಸಲು ಹೋಗಬೇಡಿ. ಡಬ್ಬಿ ಅಥವಾ ಅದರ ಲೇಬಲ್ಲಿನ ಫೋಟೊ ಜತೆಗಿಟ್ಟುಕೊಂಡು ನೇರ ಆಸ್ಪತ್ರೆಗೆ ಹೋಗಿ. ಯಾವ ರಾಸಾಯನಿಕ ಅಂತ ಗೊತ್ತಾದರೆ ವೈದ್ಯರ ಅರ್ಧ ಕೆಲಸ ಸಲೀಸು.

ಸತ್ತವರ ಲೆಕ್ಕದ ಮೇಲೆ ಹುಟ್ಟಿದ ಕಾನೂನು

1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಆರ್ಗನೊಫಾಸ್ಫೇಟ್ ಸೋರಿ ಕಲುಷಿತಗೊಂಡ ಗೋಧಿ ಹಿಟ್ಟು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಆ ದುರಂತದ ಬಳಿಕ ನಡೆದ ವಿಚಾರಣೆಯ ಫಲವಾಗಿ ಬಂದದ್ದೇ 1968ರ ಕೀಟನಾಶಕ ಕಾಯ್ದೆ. ಅಂದರೆ ನಮ್ಮ ಕಾನೂನು ಹುಟ್ಟಿದ್ದೇ ಈ ಕಿಣ್ವ ಕೈಕೊಟ್ಟು ಸತ್ತವರಿಂದ.

ಆ ಕಾಯ್ದೆಯ 26ನೇ ಸೆಕ್ಷನ್ ರಾಜ್ಯ ಸರ್ಕಾರಕ್ಕೆ ಒಂದು ಅಧಿಕಾರ ಕೊಡುತ್ತದೆ. ಕೀಟನಾಶಕ ಬಳಕೆಯಿಂದ ಆದ ಪ್ರತಿಯೊಂದು ವಿಷಬಾಧೆಯನ್ನೂ ವರದಿ ಮಾಡಬೇಕೆಂದು ರಾಜ್ಯ ಅಧಿಸೂಚನೆ ಹೊರಡಿಸಬಹುದು. ಎಣಿಸಿದರೆ ತಾನೇ ಸಮಸ್ಯೆ ಕಾಣೋದು? ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತದ ವರದಿಯನ್ನು ಕಡ್ಡಾಯ ಮಾಡಿತು. ಒಳ್ಳೆ ಕೆಲಸ. ಅದೇ ಹೊಲದಲ್ಲಿ, ಅದೇ ಕೂಲಿಯ ಅದೇ ನರಕ್ಕೆ ಬೀಳುವ ಇನ್ನೊಂದು ವಿಷವನ್ನೂ ಅಷ್ಟೇ ಕಟ್ಟುನಿಟ್ಟಾಗಿ ಎಣಿಸಬೇಕು.

ನಿಷೇಧದ ವಿಷಯದಲ್ಲಿ ರಾಜ್ಯದ ಕೈ ಕಟ್ಟಿದೆ. 27ನೇ ಸೆಕ್ಷನ್ ಪ್ರಕಾರ ರಾಜ್ಯ ಒಂದು ಕೀಟನಾಶಕವನ್ನು 60 ದಿನ ತಡೆಹಿಡಿಯಬಹುದು, ತುಸು ವಿಸ್ತರಿಸಬಹುದು, ಅಷ್ಟೇ. ಕಾಯಂ ನಿಷೇಧ ಕೇಂದ್ರದ ಕೈಯಲ್ಲಿದೆ. ಕೇಂದ್ರ ಮೊನೊಕ್ರೊಟೊಫಾಸನ್ನು 2005ರಲ್ಲಿ ತರಕಾರಿಗೆ ಬಳಸಬಾರದು ಎಂದಿತು. ಹತ್ತಿ ಮತ್ತಿತರ ಬೆಳೆಗೆ ಬಿಟ್ಟಿತು. ಹತ್ತಿಗೆ ಅಂತ ಕೊಂಡ ಡಬ್ಬಿ ಪಕ್ಕದ ಬದನೆ ಸಾಲಿಗೆ ಹೋಗದಂತೆ ಕಾಯೋರು ಯಾರು? 2013ರಲ್ಲಿ ಬಿಹಾರದ ಮಕ್ಕಳು ಸತ್ತಾಗ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಇಂಥ ಅತಿ ಅಪಾಯಕಾರಿ ಕೀಟನಾಶಕಗಳನ್ನು ಮಾರುಕಟ್ಟೆಯಿಂದ ತೆಗೆಯಿರಿ ಎಂದು ಬಹಿರಂಗವಾಗಿ ಕೇಳಿತು. ಆಮೇಲೆ ಯವತ್ಮಾಳ್ ಆಯಿತು, ಸುಳ್ವಾಡಿ ಆಯಿತು. 2020ರಲ್ಲಿ 27 ಕೀಟನಾಶಕಗಳ ನಿಷೇಧದ ಕರಡು ಬಂತು. ಕೊನೆಗೆ 2023ರಲ್ಲಿ ಮೊನೊಕ್ರೊಟೊಫಾಸ್‌ನ 36% ದ್ರಾವಣದ ಜತೆ ಬೆರಳೆಣಿಕೆಯ ಕೀಟನಾಶಕಗಳಷ್ಟೇ ಪೂರ್ತಿ ನಿಷೇಧವಾದವು. ಐರೋಪ್ಯ ಒಕ್ಕೂಟ 2020ರಲ್ಲೇ ಬಾಗಿಲು ಹಾಕಿದ ಕ್ಲೋರ್‌ಪೈರಿಫಾಸ್‌ಗೆ ಇಲ್ಲಿ ಕೆಲವು ಬೆಳೆಗಳಲ್ಲಷ್ಟೇ ತಡೆ ಬಂತು.

"ನಿಷೇಧಿಸಿದರೆ ರೈತ ಏನು ಮಾಡಬೇಕು, ಬೆಳೆ ಹೋಗಲ್ವಾ?" ಇದು ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಶ್ರೀಲಂಕಾ ನೋಡಬಹುದು. ಮೊನೊಕ್ರೊಟೊಫಾಸ್ ಸೇರಿ ಅತಿ ವಿಷಕಾರಿ ಕೀಟನಾಶಕಗಳನ್ನು ಅದು 1995ರ ಹೊತ್ತಿಗೆ ಹೊರಹಾಕಿತು, 1998ರಲ್ಲಿ ಎಂಡೋಸಲ್ಫಾನನ್ನು, ಮುಂದೆ ಇನ್ನೂ ಕೆಲವನ್ನು. ಜಗತ್ತಿನಲ್ಲೇ ಅತಿ ಹೆಚ್ಚು ಎನ್ನುವಂತಿದ್ದ ಅಲ್ಲಿನ ಆತ್ಮಹತ್ಯೆ ಪ್ರಮಾಣ ಹತ್ತು ವರ್ಷದಲ್ಲಿ ಅರ್ಧಕ್ಕಿಳಿಯಿತು. 2015ರ ತನಕ ಉಳಿದ ಜೀವಗಳು ಸುಮಾರು 93,000 ಎಂದು ಸಂಶೋಧಕರ ಅಂದಾಜು. ಈ ನಿಷೇಧಗಳಿಂದಾಗಿ ಬೆಳೆಯ ಇಳುವರಿ ಕುಸಿದದ್ದು ಅಧ್ಯಯನದಲ್ಲಿ ಕಂಡುಬರಲಿಲ್ಲ. ಸಂಕಟದ ಗಳಿಗೆ ಬಹಳ ಸಲ ದಾಟಿಹೋಗುವಂಥದ್ದು. ಆ ಗಳಿಗೆಯಲ್ಲಿ ಕೈಗೆ ಸಿಗುವುದು ಮಾರಕವಾಗಿಲ್ಲದಿದ್ದರೆ ಮನುಷ್ಯ ಉಳಿಯುತ್ತಾನೆ, ಎಷ್ಟೋ ಜನ ಮುಂದೆ ನೆಮ್ಮದಿಯಾಗಿ ಬಾಳುತ್ತಾರೆ. (ನಿಮಗೋ ನಿಮ್ಮವರಿಗೋ ಅಂಥ ಗಳಿಗೆ ಬಂದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.)

ಎಂಡೋಸಲ್ಫಾನ್ ಅಂದಾಗ ಕಾಸರಗೋಡು, ದಕ್ಷಿಣ ಕನ್ನಡ ನೆನಪಾಗದೆ ಇರಲ್ಲ. ಅದು ಆರ್ಗನೊಫಾಸ್ಫೇಟ್ ಅಲ್ಲ, ಕೆಡಿಸುವ ಮಾತೂ ಬೇರೆ. ನರಕೋಶಕ್ಕೆ "ಸುಮ್ಮನಿರು" ಎಂದು ಹೇಳುವ ಗ್ಯಾಬಾ ಎಂಬ ಸಂದೇಶ ತಲುಪದಂತೆ ಅದು ತಡೆಯುತ್ತದೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸುರಿದಿದ್ದರ ವಿರುದ್ಧ ಊರಿನ ಜನ ವರ್ಷಗಟ್ಟಲೆ ಹೋರಾಡಿದರು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ಹಾಕಿತು. ಅದು ತಾನಾಗಿ ಬಂದ ನಿಷೇಧ ಅಲ್ಲ, ಕೇಳಿ ಕೇಳಿ ಪಡೆದದ್ದು.

ನಾವು ಕೇಳಬೇಕಾದ್ದು

ಪಟ್ಟಿ ಉದ್ದ ಇಲ್ಲ. ಒಂದು, 26ನೇ ಸೆಕ್ಷನ್ ಅಡಿ ಕೀಟನಾಶಕ ವಿಷಬಾಧೆಯ ಕಡ್ಡಾಯ ವರದಿ, ಅದರ ಅಂಕಿಅಂಶ ಜಿಲ್ಲಾವಾರು ಸಾರ್ವಜನಿಕವಾಗಿ ಸಿಗಬೇಕು. ಎರಡು, 37ನೇ ನಿಯಮದ ರಕ್ತಪರೀಕ್ಷೆ ಸಿಂಪಡಣೆಯ ಹಂಗಾಮಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಉಚಿತವಾಗಿ ಆಗಬೇಕು, ಭೂಮಿ ಇಲ್ಲದ ಕೂಲಿಗಳಿಗೆ ಮೊದಲು. ಮೂರು, ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಸಾಕಷ್ಟು ಅಟ್ರೋಪಿನ್, ಕೆಲಸ ಮಾಡುವ ವೆಂಟಿಲೇಟರ್, ಅದನ್ನು ನಡೆಸುವ ಸಿಬ್ಬಂದಿ. ನಾಲ್ಕು, ಅತಿ ವಿಷಕಾರಿ ಕೀಟನಾಶಕಗಳು ಅಂಗಡಿಯಿಂದ ಹೊರಗೆ, ಜತೆಗೆ ಬದಲಿ ದಾರಿಗೆ ರೈತರ ಕೈ ಹಿಡಿಯುವ ಕೃಷಿ ಇಲಾಖೆ. 2020ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾದಂಥ ಹೊಸ ಕೀಟನಾಶಕ ಮಸೂದೆ ಚರ್ಚೆಗೆ ಬಂದಾಗೆಲ್ಲ ನಿಮ್ಮ ಸಂಸದರನ್ನು ಕೇಳಿ: ನಿಷೇಧದ ಅಧಿಕಾರ ರಾಜ್ಯಕ್ಕೆ ಯಾಕಿಲ್ಲ? ಕೂಲಿಕಾರರ ಪರಿಹಾರದ ಮಾತು ಎಲ್ಲಿದೆ?

ಮೈಸ್ತೇನಿಯಾ ರೋಗಿಗೆ ಮಾತ್ರೆ ಬರೆದುಕೊಡುವ ವೈದ್ಯರು ಒಂದು ಕಿಣ್ವವನ್ನು ಎಷ್ಟು ಗಂಟೆ ಸುಮ್ಮನಿರಿಸಬೇಕು ಅಂತ ಲೆಕ್ಕ ಹಾಕುತ್ತಾರೆ. ಔಷಧಿ ಹೊಡೆಯಲು ಹೊಲಕ್ಕೆ ಹೋಗುವ ಹೆಂಗಸು, ಗಂಡಸಿನ ದೇಹದಲ್ಲೂ ಇರೋದು ಅದೇ ಕಿಣ್ವ. ಆ ಲೆಕ್ಕ ಅವರಿಗೂ ಸಿಗಬೇಕು. ಕಾನೂನಿನ ಪುಸ್ತಕದಲ್ಲಿ ಅದು 1971ರಿಂದ ಬರೆದೇ ಇದೆ.